ಹಳದಿ ಪಟ್ಟಿಯ ತಾಯಿಮರಗಳು

ಸುತ್ತಿಗೆಯಣ್ಣನ ಕೈಯಲ್ಲಿ ಸುತ್ತಿಗೆ ಇದ್ದದ್ದು ಮೂವತ್ತನಾಲ್ಕು ವರ್ಷ. ಅದು ಕೈಬಿಟ್ಟು ಎಂಟು ವರ್ಷವಾದರೂ ಹೆಸರು ಮಾತ್ರ ಅವನನ್ನು ಬಿಟ್ಟಿಲ್ಲ. ಕಿರಾಣಿ ಅಂಗಡಿಯವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ಅವನು ಸುತ್ತಿಗೆಯಣ್ಣನೇ. ಗೊತ್ತಿಲ್ಲದವರು ಬಡಗಿಯೋ ಕಮ್ಮಾರನೋ ಇರಬೇಕು ಎಂದುಕೊಂಡು ಮುರಿದ ಕುರ್ಚಿ ಹೊತ್ತು ಮನೆಗೆ ಬಂದದ್ದೂ ಉಂಟು. ಆಗ ಅವನು ಮುಖ ಸಿಂಡರಿಸಿ, "ನಾನು ಮರ ಜೋಡಿಸೋನಲ್ಲ ಕಣ್ರೀ, ಮರ ಆರಿಸೋನು," ಎನ್ನುತ್ತಿದ್ದ.

ಆರಿಸುವುದೇ ಅವನ ಕೆಲಸವಾಗಿತ್ತು. ಅರಣ್ಯ ಕಚೇರಿಯಲ್ಲಿ ಅವನು ಗುರುತುಗಾರ. ಊರ ಮೇಲಿನ ಗುಡ್ಡಗಳಲ್ಲಿ ತೇಗದ ಕಾಡು. ಅದನ್ನು ಒಟ್ಟಿಗೆ ಬೋಳಿಸುವಂತಿರಲಿಲ್ಲ. ಕಾಡನ್ನು ಪಾಲುಗಳಾಗಿ ಹಂಚಿ, ವರ್ಷಕ್ಕೊಂದು ಪಾಲಿನಂತೆ ಹೋಗಿ, ಹತ್ತು ಮರಗಳಲ್ಲಿ ಒಂದನ್ನು ತೆಗೆದು ಒಂಬತ್ತನ್ನು ಬಿಡಬೇಕು. ತೆಗೆಯುವ ಒಂದು ಯಾವುದು ಎಂದು ಹೇಳುವವನೇ ಗುರುತುಗಾರ. ತೊಗಟೆಯನ್ನು ಅಂಗೈಯಗಲ ಕೆತ್ತಿ, ಕಚೇರಿಯ ಮುದ್ರೆಯಿರುವ ಸುತ್ತಿಗೆಯಿಂದ ಎದೆಮಟ್ಟದಲ್ಲಿ ಒಂದು ಏಟು, ಬುಡದಲ್ಲಿ ಇನ್ನೊಂದು ಏಟು. ಮೇಲಿನ ಮುದ್ರೆ ದಿಮ್ಮಿಯ ಜೊತೆ ಲಾರಿ ಹತ್ತುತ್ತದೆ, ಕೆಳಗಿನದು ಬೊಡ್ಡೆಯಲ್ಲೇ ಉಳಿಯುತ್ತದೆ. ಮುದ್ರೆಯಿಲ್ಲದ ಬೊಡ್ಡೆ ಸಿಕ್ಕಿತೋ, ಅದು ಕಳ್ಳರ ಕೆಲಸ. ಅವನ ಕಾಲದಲ್ಲಿ ಅಂಥದ್ದು ಸಿಕ್ಕಿದ್ದು ಎರಡೋ ಮೂರೋ, ಅಷ್ಟೆ. ಅಷ್ಟರಮಟ್ಟಿಗೆ ಅವನು ಕಣ್ಣಲ್ಲಿ ಕಣ್ಣಿಟ್ಟು ಕಾದ.

ಜಂಬವೂ ಇತ್ತು. ಹೊಳೆಯಾಚೆಯ ಗುಡ್ಡವನ್ನು ಬೇರೆ ಯಾರೋ ಒಂದೇ ಬೇಸಿಗೆಯಲ್ಲಿ ನುಣ್ಣಗೆ ಬೋಳಿಸಿದ್ದರು. ಎರಡು ಮಳೆಗಾಲಕ್ಕೆ ಅಲ್ಲಿನ ಮೇಲ್ಮಣ್ಣೆಲ್ಲ ಜಾರಿ ಹೊಳೆ ಸೇರಿ, ನೀರು ತಿಂಗಳುಗಟ್ಟಲೆ ಕೆಂಪಗೆ ಹರಿಯಿತು. ಈಚೆಯ ಗುಡ್ಡದಲ್ಲಿ ನೆರಳು ತಪ್ಪಲಿಲ್ಲ, ನೆಲದ ಮೇಲೆ ಎಲೆಯ ಹಾಸು ತಪ್ಪಲಿಲ್ಲ, ಸುಡುಬೇಸಿಗೆಯಲ್ಲೂ ತೊರೆಯಲ್ಲಿ ಪಾದ ಮುಳುಗುವಷ್ಟು ನೀರು ತಪ್ಪಲಿಲ್ಲ. ಊರಿನ ನೀರಿನ ಟ್ಯಾಂಕು ತುಂಬುತ್ತಿದ್ದದ್ದು ಆ ತೊರೆಯಿಂದಲೇ. "ನಲ್ಲಿ ತಿರುಗಿಸಿದಾಗ ನನ್ನನ್ನ ನೆನೆಸ್ಕೊಳ್ಳಿ," ಎಂದು ಸುತ್ತಿಗೆಯಣ್ಣ ಕಟಿಂಗ್ ಶಾಪಿನಲ್ಲಿ ಕೂತು ಹೇಳುತ್ತಿದ್ದ. ಕ್ಷೌರಿಕ, "ನಲ್ಲಿಯಲ್ಲಿ ನೀರು ಬರದಿದ್ದಾಗ ಯಾರನ್ನ ನೆನೆಸ್ಕೊಳ್ಳೋಣ?" ಎಂದು ಕಾಲೆಳೆದರೆ ಅದಕ್ಕೂ ನಗುತ್ತಿದ್ದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಡು ನಿಂತಿದ್ದು ಹತ್ತಕ್ಕೊಂದು ಎಂಬ ಆ ಲೆಕ್ಕದಿಂದಲೇ, ಆ ಲೆಕ್ಕವನ್ನು ಅವನು ಎಳ್ಳಷ್ಟೂ ಮೀರಲಿಲ್ಲ.

ಅವನು ಮೀರಿದ್ದು ಬೇರೆಯದನ್ನು. ಹತ್ತರಲ್ಲಿ ತೆಗೆಯಬೇಕಾದ್ದು ಡೊಂಕಾದದ್ದನ್ನು, ಕವಲೊಡೆದದ್ದನ್ನು, ರೋಗ ಬಡಿದದ್ದನ್ನು. ನೆಟ್ಟಗೆ ಬೆಳೆದ ಗಟ್ಟಿ ಮರಗಳಲ್ಲಿ ಕೆಲವನ್ನು ತಾಯಿಮರ ಎಂದು ಆರಿಸಿ, ಕಾಂಡದ ಸುತ್ತ ಹಳದಿ ಬಣ್ಣದ ಪಟ್ಟಿ ಬಳಿಯಬೇಕು. ಹಳದಿ ಪಟ್ಟಿ ಬಿದ್ದ ಮರಕ್ಕೆ ಯಾರೂ ಕೊಡಲಿ ಮುಟ್ಟಿಸುವಂತಿಲ್ಲ. ಕಾಡಿಗೆ ಬೀಜ ಅದರಿಂದ, ನರ್ಸರಿಗೂ ಬೀಜ ಅದರಿಂದ. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಅವನು ಹಾಗೆಯೇ ಮಾಡಿದ.

ಮೂರನೆಯ ವರ್ಷ, ಇಳಿಜಾರಿನಲ್ಲಿ ಎರಡು ಕವಲಾಗಿ ವಾಲಿ ನಿಂತಿದ್ದ ಒಂದು ಮರಕ್ಕೆ ಅವನು ಗುರುತು ಹಾಕಿದ. ಕಡಿಯಲು ಬಂದವನು ಅವನ ಓರಗೆಯವನು, ಒಟ್ಟಿಗೆ ಊಟ ಮಾಡುವ ಗೆಳೆಯ. ಗರಗಸ ಅರ್ಧ ದಾರಿ ಹೋಗುವಷ್ಟರಲ್ಲಿ ಮರ ಕವಲಿನಿಂದ ಬುಡದವರೆಗೆ ಸೀಳಿ, ಬೀಳಬೇಕಾದ ಕಡೆ ಬೀಳದೆ ಹಿಂದಕ್ಕೆ ಒದೆಯಿತು. ಗೆಳೆಯನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ತಪ್ಪು ಯಾರದ್ದೂ ಅಲ್ಲ ಎಂದು ಎಲ್ಲರೂ ಹೇಳಿದರು, ಗೆಳೆಯನೂ ಹೇಳಿದ. ಆದರೆ ಅಂದಿನಿಂದ ಡೊಂಕು ಮರದ ಮುಂದೆ ನಿಂತರೆ ಸುತ್ತಿಗೆಯಣ್ಣನ ಕೈ ಮೇಲೇಳುತ್ತಿರಲಿಲ್ಲ. ಪಕ್ಕದ ನೆಟ್ಟನೆಯ ಮರದ ಕಡೆ ತಾನಾಗಿ ಸರಿಯುತ್ತಿತ್ತು. ನೆಟ್ಟಗಿನ ಮರ ಹೇಳಿದ ಕಡೆ ಬೀಳುತ್ತದೆ, ಯಾರ ಕಾಲನ್ನೂ ತೆಗೆಯುವುದಿಲ್ಲ.

ಇದನ್ನು ಭಯ ಎನ್ನಬಹುದು, ಕ್ಷಮಿಸಲೂಬಹುದು. ಆದರೆ ಭಯ ನಾಲ್ಕೈದು ವರ್ಷಕ್ಕೆ ಹೋಯಿತು. ಆಮೇಲೆ ಉಳಿದದ್ದು ಹೊಗಳಿಕೆಯ ರುಚಿ. ಮಿಲ್ಲಿನ ಮೇಸ್ತ್ರಿ ಉದ್ದಕ್ಕೆ ಬಾಣದಂತಿದ್ದ ದಿಮ್ಮಿಗಳನ್ನು ತಟ್ಟಿ ನೋಡಿ, "ನಿನ್ನ ಪಾಲಿನ ಮಾಲು ಅಂದ್ರೆ ಕಣ್ಣು ಮುಚ್ಚಿಕೊಂಡು ಇಳಿಸ್ಕೋಬಹುದು ಕಣಯ್ಯ," ಎಂದ. ಕಡಿಯುವವರು, "ಸುತ್ತಿಗೆಯಣ್ಣ ಗುರುತು ಹಾಕಿದ್ರೆ ನಮ್ಮ ಹೆಂಡ್ತಿಯರು ನಿಶ್ಚಿಂತೆಯಾಗಿ ಇರ್ತಾರೆ," ಎಂದರು. ಇಂಥ ಮಾತಿಗೆ ಉಬ್ಬದವರು ಯಾರು! ಅವನಂತೂ ಪೂರಾ ಉಬ್ಬಿಹೋದ.

ನೆಟ್ಟನೆಯವು ಹೋದ ಮೇಲೆ ಹಳದಿ ಪಟ್ಟಿ ಯಾವುದಕ್ಕೆ ಬಳಿಯುವುದು? ಪಾಲಿಗೆ ಇಷ್ಟು ತಾಯಿಮರ ಎಂದು ಕಚೇರಿಗೆ ಲೆಕ್ಕ ಒಪ್ಪಿಸಬೇಕಲ್ಲ. ಹೇಗಿದ್ದರೂ ಉಳಿಯುವ ಮರಗಳಿಗೇ, ಅಂದರೆ ಡೊಂಕು ಮರಗಳಿಗೇ, ಅವನು ಬಣ್ಣ ಬಳಿದ. ಹತ್ತಕ್ಕೊಂದು ಸರಿಯಾಯಿತು, ತಾಯಿಮರಗಳ ಸಂಖ್ಯೆಯೂ ಸರಿಯಾಯಿತು. ಗುಡ್ಡ ಹತ್ತಿ ತಲೆಯೆತ್ತಿ ನೋಡಿದವರು ಯಾರೂ ಇರಲಿಲ್ಲ.

ನೋಡಿದವಳು ಒಬ್ಬಳೇ, ಅವನ ತಂಗಿ.

ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನೇ ಅವಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದವನು. ಕಾಡಿನಲ್ಲಿ ಖಾಲಿ ಬಿದ್ದ ಜಾಗಗಳಲ್ಲಿ ಸಸಿ ನೆಡಲು ಕಚೇರಿಯವರು ನರ್ಸರಿ ಶುರುಮಾಡಿದಾಗ, ಅದರ ಉಸ್ತುವಾರಿಗೆ ಅವಳನ್ನು ಸೇರಿಸಿದ್ದೂ ಅವನೇ. ಅವಳಿಗೆ ಆ ಕೆಲಸ ಒಗ್ಗಿದ್ದು ನೋಡಿ ಎಲ್ಲರೂ ಬೆರಗಾದರು. ತೇಗದ ಬೀಜಕ್ಕೆ ಗಟ್ಟಿ ಚಿಪ್ಪು, ಸುಲಭಕ್ಕೆ ಮೊಳೆಯುವ ಜಾತಿಯಲ್ಲ. ಅದನ್ನು ಗೋಣಿಯಲ್ಲಿ ಕಟ್ಟಿ ಒಂದು ದಿನ ನೀರಿಗೆ, ಒಂದು ದಿನ ಬಿಸಿಲಿಗೆ, ಹೀಗೆ ಎರಡು ವಾರ ಕಾಡಿಸಬೇಕು. ಬೇರೆ ನರ್ಸರಿಗಳಲ್ಲಿ ನೂರಕ್ಕೆ ಮೂವತ್ತು ಮೊಳೆತರೆ ಹಬ್ಬ, ಅವಳ ಕೈಯಲ್ಲಿ ಐವತ್ತು ದಾಟುತ್ತಿತ್ತು. "ನಿನ್ನ ತಂಗಿ ಬೀಜದ ಕಿವಿ ಹಿಂಡಿ ಎಬ್ಬಿಸ್ತಾಳೆ ಕಣೋ," ಎಂದು ಕಚೇರಿಯ ಗುಮಾಸ್ತ ನಗುತ್ತಿದ್ದ. ಉಗುರ ಸಂದಿಯಲ್ಲಿ ಸದಾ ಮಣ್ಣು, ಮಾತಿನಲ್ಲಿ ಸದಾ ಸಸಿಗಳ ಸುದ್ದಿ. ಮಗಳು ಹುಟ್ಟಿದಾಗಲೂ ಮಗುವನ್ನು ನರ್ಸರಿಯ ನೆರಳಿನಲ್ಲೇ ಮಲಗಿಸಿಕೊಂಡು ದುಡಿದಳು.

ಬೀಜವನ್ನು ಹಳದಿ ಪಟ್ಟಿಯ ಮರಗಳ ಕೆಳಗಿನಿಂದ ಮಾತ್ರ ಆಯಬೇಕೆಂಬುದು ನಿಯಮ, ಅವಳು ನಿಯಮದವಳು. ಎರಡನೆಯ ವರ್ಷವೋ ಮೂರನೆಯ ವರ್ಷವೋ, ಬುಟ್ಟಿ ಸೊಂಟಕ್ಕಿಟ್ಟುಕೊಂಡು ಒಂದು ಮರದ ಕೆಳಗೆ ನಿಂತು ಅಣ್ಣನನ್ನು ಕೂಗಿದಳು.

"ಅಣ್ಣಾ, ಇದು ಆಳೆತ್ತರದಲ್ಲೇ ಕವಲೊಡೆದು ತಿರುಚಿಕೊಂಡಿದೆಯಲ್ಲ. ಇದಕ್ಕೆ ಯಾಕೆ ಪಟ್ಟಿ ಬಳಿದೆ?"

ಅವನು ನಿಂತಲ್ಲೇ ಉತ್ತರ ಕೊಟ್ಟ. "ಸಣ್ಣ ಗಿಡ ಆಗಿದ್ದಾಗ ಗಾಳಿಗೆ ಮುರಿದಿದ್ದು ಅದು. ಬೀಜಕ್ಕೇನೂ ಆಗಲ್ಲ. ಆಯ್ಕೋ."

"ನಿಜವಾಗ್ಲೂ?"

"ನನಗೆ ಮರ ಕಲಿಸೋಕೆ ಬಂದ್ಯಾ?"

ಅವಳು ನಕ್ಕು, ಬಗ್ಗಿ ಆಯ್ದುಕೊಂಡಳು. ಮತ್ತೆಂದೂ ಕೇಳಲಿಲ್ಲ. ಒಂದು ಮರ ಗಾಳಿಗೆ ಮುರಿದಿರಬಹುದು, ಇಡೀ ಪಾಲಿನ ತಾಯಿಮರಗಳು ಗಾಳಿಗೆ ಮುರಿಯುತ್ತವೆಯೇ ಎಂದು ಅವಳಿಗೆ ಅನಿಸಿರಲೂಬಹುದು. ಅಣ್ಣ ಹೇಳಿದ ಮೇಲೆ ಮುಗಿಯಿತು, ಅವಳ ಲೆಕ್ಕ ಅಷ್ಟೆ.

ಸಸಿಗಳು ನರ್ಸರಿಯಲ್ಲಿ ಚೆನ್ನಾಗಿಯೇ ಕಂಡವು. ತೊಡೆಮಟ್ಟದ ಸಸಿಯಲ್ಲಿ ಡೊಂಕು ಕಾಣುವುದಿಲ್ಲ. ಕಾಡಿಗೆ ಹೋಗಿ ಏಳೆಂಟು ವರ್ಷವಾಗಿ, ಎರಡಾಳು ಎತ್ತರ ಬೆಳೆದ ಮೇಲೆ ಒಂದೊಂದೇ ಗುಣ ತೋರಿಸಿದವು. ಇತ್ತ ತಿರುಚು, ಅತ್ತ ಕವಲು. ನೆಟ್ಟ ಜಾಗದಲ್ಲಿ ಅರ್ಧಕ್ಕರ್ಧ ಹಾಗೆಯೇ. ಇನ್ನೂ ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಮುಚ್ಚಿಡಲಾಗದಷ್ಟಾಯಿತು. ಮೇಲಿನ ಕಚೇರಿಯಿಂದ ವಿಚಾರಣೆಗೆ ಜನ ಬಂದರು.

ಆ ದಿನ ಸುತ್ತಿಗೆಯಣ್ಣನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ನೆನಪಿದೆ. ಕಚೇರಿಯ ಉದ್ದನೆಯ ಕೋಣೆ, ಒಂದು ಬದಿಗೆ ಕಡತಗಳ ಬೀರು, ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಬೇರುಸಮೇತ ಕಿತ್ತು ತಂದ ಐದು ಗಿಡಗಳು. ದೊಡ್ಡ ಸಾಹೇಬರು ಪೆನ್ನಿನ ತುದಿಯಿಂದ ಬೇರು ಬಿಡಿಸಿ ತೋರಿಸಿದರು.

"ಬೇರು ಸುತ್ತಿಕೊಂಡಿದೆ ನೋಡಿ. ಚೀಲದಲ್ಲಿ ಜಾಸ್ತಿ ದಿನ ಇಟ್ಟಿದ್ದೀರಿ. ಬೇರು ಹೀಗಾದ್ರೆ ಮರ ನೆಟ್ಟಗೆ ಹೇಗೆ ಬೆಳೆಯುತ್ತೆ?"

"ಒಂದು ವರ್ಷ ಮೂರು ವಾರ ಜಾಸ್ತಿ ಆಗಿತ್ತು ಸರ್. ಲಾರಿ ಬಂದಿರಲಿಲ್ಲ," ಎಂದಳು ತಂಗಿ. "ಬೇರೆ ವರ್ಷ ಸರಿಯಾಗಿ ಕಳಿಸಿದ್ದೀನಿ. ಅವೂ ಡೊಂಕಾಗಿವೆ."

ಸಾಹೇಬರು ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಗುರುತುಗಾರನ ಕಡೆ ತಿರುಗಿದರು. "ಬೀಜದ ಮರಗಳ ಬಗ್ಗೆ ನೀವೇನಾದ್ರೂ ಹೇಳೋದಿದೆಯಾ?"

ತಂಗಿ ಕತ್ತು ತಿರುಗಿಸಿ ಅವನನ್ನು ನೋಡಿದಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಕೆಲಸ ಹೋಗುತ್ತದೆ, ಮಿಲ್ಲಿನಲ್ಲಿ ನಗೆಪಾಟಲು, ಇಪ್ಪತ್ಮೂರು ವರ್ಷದ ಹೆಸರು ಮಣ್ಣುಪಾಲು. ಅವಳಿಗೇನು, ಹೆಚ್ಚೆಂದರೆ ಒಂದು ಎಚ್ಚರಿಕೆಯ ಕಾಗದ ಕೊಟ್ಟು ಬಿಡುತ್ತಾರೆ, ಎಂದು ಅವನು ಆ ಕ್ಷಣಕ್ಕೆ ತನಗೆ ತಾನೇ ಹೇಳಿಕೊಂಡ.

"ತಾಯಿಮರಗಳೆಲ್ಲ ಲೆಕ್ಕಕ್ಕೆ ಸರಿಯಾಗಿವೆ ಸರ್," ಎಂದ.

ಒಂದಕ್ಷರ ಸುಳ್ಳಿಲ್ಲ. ಇಂಥ ಸತ್ಯ ಹೇಳುವುದಕ್ಕಿಂತ ಸುಳ್ಳು ಹೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು, ಸುಳ್ಳನ್ನು ಯಾರಾದರೂ ಹಿಡಿಯುತ್ತಿದ್ದರು.

ಎಚ್ಚರಿಕೆಯ ಕಾಗದದಲ್ಲಿ ಮುಗಿಯಲಿಲ್ಲ. ತಂಗಿಯನ್ನು ನರ್ಸರಿಯಿಂದ ತೆಗೆದರು. ಹೋಗುವ ಮೊದಲು, ಆ ವರ್ಷದ ಹನ್ನೆರಡು ಸಾವಿರ ಸಸಿಗಳನ್ನು ಅವಳ ಕೈಯಿಂದಲೇ ಕೀಳಿಸಿ ಗುಂಡಿಗೆ ಹಾಕಿಸಿದರು. ಮೂರು ದಿನ ಹಿಡಿಯಿತು. ಅವನು ಆ ಮೂರೂ ದಿನ ದೂರದ ಪಾಲಿನಲ್ಲಿ ಕೆಲಸವಿದೆ ಎಂದು ಹೇಳಿ ಕಾಡಿಗೆ ಹೋದ.

ಆಮೇಲೆ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದಳು. ಹಾಸಿಗೆಯ ಚಾದರಗಳನ್ನು ಮಡಚಿ ಮಡಚಿ ಜೋಡಿಸುವ ಕೆಲಸ. ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದಳು. ಅಕ್ಕಪಕ್ಕದ ಬಾಲ್ಕನಿಗಳಲ್ಲೆಲ್ಲ ಕುಂಡ, ಬಳ್ಳಿ. ಅವಳದರಲ್ಲಿ ಬಟ್ಟೆ ಒಣಗಿಸುವ ತಂತಿ ಮಾತ್ರ. ನೆರೆಮನೆಯಾಕೆ ಒಮ್ಮೆ ಒಂದು ಗಿಡ ಕೊಡಲು ಬಂದರೆ, "ಬೇಡಿ, ನನ್ನ ಕೈಗುಣ ಸರಿಯಿಲ್ಲ, ಹಾಳಾಗುತ್ತೆ," ಎಂದು ವಾಪಸು ಕಳಿಸಿದಳು. ಸುತ್ತಿಗೆಯಣ್ಣ ಆಗ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಲೋಟ ಖಾಲಿ ಮಾಡಿ ಎದ್ದ. ಹೇಳಬೇಕು ಹೇಳಬೇಕು ಎಂದು ಮೊದಲ ವರ್ಷ ಒದ್ದಾಡಿದ. ಎರಡನೆಯ ವರ್ಷ, ಈಗ ಹೇಳಿ ಏನು ಉಪಯೋಗ ಎಂದುಕೊಂಡ. ಆ ಒಂದು ಮಾತಿನ ಮೇಲೆ ಮಲಗಿ ಹತ್ತೊಂಬತ್ತು ವರ್ಷ ಕಳೆದ.

ಅಷ್ಟರಲ್ಲಿ ನರ್ಸರಿಯ ನೆರಳಿನಲ್ಲಿ ಮಲಗಿದ್ದ ಮಗು ಓದಿ ಬೆಳೆದು ಅದೇ ಕಾಡಿಗೆ ಕೆಲಸಕ್ಕೆ ಬಂದಿತ್ತು. ತಂಗಿಯ ಮಗಳಿಗೆ ಈಗ ಇಪ್ಪತ್ತೊಂಬತ್ತು. ಕಾಡಿನ ಆರೋಗ್ಯ ಅಳೆದು ವರದಿ ಬರೆಯುವುದು ಅವಳ ಕೆಲಸ. ಎಷ್ಟು ಮರ, ಎಷ್ಟು ದಪ್ಪ, ನೆಲದಲ್ಲಿ ಎಷ್ಟು ತೇವ, ಎಷ್ಟು ಜಾತಿ ಹಕ್ಕಿ, ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ಒಂದು ಶನಿವಾರ ಬೆಳಿಗ್ಗೆ ಬಂದು, "ಮಾವ, ನಿಮ್ಮ ಹಳೇ ಪಾಲಿಗೆ ಹೋಗಿಬರೋಣ ಬನ್ನಿ," ಎಂದು ಕರೆದಳು. ಅವನು ಹಿಗ್ಗಿ ಹೀರೇಕಾಯಿಯಾಗಿ ಬೂಟು ಹಾಕಿಕೊಂಡ.

ದಾರಿಯುದ್ದಕ್ಕೂ ಅವಳು ಕಾಡನ್ನು ಹೊಗಳಿದಳು. ನೆಲ ಅಲುಗಿಲ್ಲ, ತೊರೆ ಬತ್ತಿಲ್ಲ, ಹಳೆಯ ಡೊಂಕು ಮರಗಳ ಪೊಟರೆಗಳಲ್ಲಿ ಗೂಬೆಗಳಿವೆ, ಮರಕುಟಿಗಗಳಿವೆ. ಅವನು ಎದೆಯುಬ್ಬಿಸಿ ನಡೆದ. ಕಾಲುಗಂಟೆ ಹತ್ತಿದ ಮೇಲೆ ಅವಳು ಒಂದು ಬೊಡ್ಡೆಯ ಬಳಿ ಕೂತು, ಮೇಲಿನ ಹಾವಸೆಯನ್ನು ಕೈಯಲ್ಲಿ ಒರೆಸಿದಳು. ತೇಗದ ಬೊಡ್ಡೆ ಅಷ್ಟು ಬೇಗ ಮಣ್ಣಾಗುವುದಿಲ್ಲ. ಬುಡದಲ್ಲಿ ಅವನ ಸುತ್ತಿಗೆಯ ಮುದ್ರೆ ಇನ್ನೂ ಕಾಣುತ್ತಿತ್ತು.

"ಇಂಥವು ನಾನೂರ ಹನ್ನೆರಡು ನೋಡಿದೆ ಮಾವ," ಎಂದಳು ಮೆಲ್ಲಗೆ. "ಎಲ್ಲಾ ದುಂಡಗೆ, ತಿರುಳು ನಡುವಿಗೆ ಸರಿಯಾಗಿ. ನೆಟ್ಟಗೆ ನಿಂತಿದ್ದ ಮರಗಳು ಇವು. ವಾಲಿದ ಮರದ ತಿರುಳು ಒಂದು ಕಡೆ ಸರಿದಿರುತ್ತೆ, ನಿಮಗೇ ಗೊತ್ತಲ್ಲ. ನಿಮ್ಮ ಮೊದಲೆರಡು ವರ್ಷದ ಪಾಲು ಬಿಟ್ರೆ, ನಿಮ್ಮ ಮುದ್ರೆ ಇರೋ ಡೊಂಕು ಮರದ ಬೊಡ್ಡೆ ನನಗೆ ಒಂದೇ ಒಂದು ಸಿಕ್ತು, ಇಳಿಜಾರಿನಲ್ಲಿ. ಹಳದಿ ಪಟ್ಟಿ ಇರೋ ಮರಗಳನ್ನೂ ನೋಡಿದೆ."

ಕಳ್ಳರನ್ನು ಹಿಡಿಯಲೆಂದು ಬುಡಕ್ಕೆ ಹೊಡೆದ ಮುದ್ರೆ ಇಂದು ಹಿಡಿದದ್ದು ಅವನನ್ನೇ. ಸುತ್ತಿಗೆಯಣ್ಣ ಅಲ್ಲೇ ಎಲೆಗಳ ಮೇಲೆ ಕೂತ. ಗೆಳೆಯನ ಕಾಲಿನ ಕಥೆ ಶುರುಮಾಡಿದ. ಅವಳು ಪೂರ್ತಿ ಕೇಳಿದಳು.

"ವರದಿ ಸೋಮವಾರ ಕಳಿಸ್ತೀನಿ," ಎಂದಳು ಕೊನೆಗೆ. "ಕಾಡು ಉಳಿದಿದ್ದು ನಿಮ್ಮಿಂದ ಅಂತಾನೂ ಬರೀತೀನಿ, ಇದನ್ನೂ ಬರೀತೀನಿ. ಅಮ್ಮನಿಗೆ ನಾನು ಹೇಳಲ್ಲ. ನೀವೇ ಹೇಳಿ. ನಾಳೆ ಒಂದು ದಿನ ಇದೆ."

ಮರುದಿನ ಮಧ್ಯಾಹ್ನ ಅವನು ಮೂರು ಮಹಡಿ ಹತ್ತಿದ. ತಂಗಿ ಇಸ್ತ್ರಿ ಮಾಡುತ್ತಿದ್ದಳು. "ಏನಣ್ಣ, ಮುಖ ಯಾಕೆ ಹೀಗಿದೆ? ಊಟ ಆಯ್ತಾ?" ಎಂದು ಕೇಳಿದಳು. ಕೂತರೆ ಮತ್ತೆ ಹೇಳಲಾಗುವುದಿಲ್ಲ ಎಂಬ ಹೆದರಿಕೆಗೆ ಅವನು ಬಾಗಿಲ ಬಳಿ ನಿಂತೇ ಹೇಳಿದ. ಸೀಳಿದ ಮರ, ಸರಿದ ಕೈ, ಮೇಸ್ತ್ರಿಯ ಹೊಗಳಿಕೆ, ಹಳದಿ ಬಣ್ಣ. ಗಾಳಿಗೆ ಮುರಿದದ್ದು ಎಂದು ಹೇಳಿದ್ದು ಹಸಿ ಸುಳ್ಳು ಎಂಬುದನ್ನೂ ಬಿಡಲಿಲ್ಲ. "ನಿನ್ನ ಕೈಯಲ್ಲಿ ಏನೂ ತಪ್ಪಿರಲಿಲ್ಲ ಕಣೇ. ನಾನು ಕೆಟ್ಟ ಬೀಜ ಕೊಡಿಸಿದೆ," ಎಂದು ಮುಗಿಸಿದ.

ತಂಗಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ಬೈಯಲಿ, ಹೊಡೆಯಲಿ ಎಂದು ಅವನು ಕಾದ. ಅವಳು ಕೇಳಿದ್ದು ಬೇರೆಯೇ.

"ನೆಟ್ಟನೆ ಮರ ಈಗ ಎಷ್ಟು ಉಳಿದಿವೆ?"

"ನಿನ್ನ ಮಗಳು ಹನ್ನೊಂದು ಎಣಿಸಿದ್ದಾಳೆ. ಎಲ್ಲಾ ಮೇಲಿನ ಬಂಡೆ ಹತ್ರ, ಲಾರಿ ಹೋಗದ ಕಡೆ."

"ಬೀಜಕ್ಕೆ ಹನ್ನೊಂದು ಸಾಕು," ಎಂದಳು. ಹೇಳಿದ ಮೇಲೆ ತನ್ನ ಮೊಣಕಾಲುಗಳನ್ನು ನೋಡಿಕೊಂಡಳು. "ಆದ್ರೆ ಆ ಬಂಡೆ ಹತ್ತೋಕೆ ನನ್ನ ಕೈಲಿ ಆಗಲ್ಲ. ಬಗ್ಗೋಕೂ ಆಗಲ್ಲ. ಅರವತ್ತೆರಡಾಯ್ತು. ಆವತ್ತು ನನಗೆ ನಲವತ್ಮೂರು."

"ತಪ್ಪಾಯ್ತು," ಎಂದ ಅವನು. ಅಷ್ಟು ದೊಡ್ಡ ತಪ್ಪಿಗೆ ಅಷ್ಟು ಚಿಕ್ಕ ಮಾತು ಅವನ ಕಿವಿಗೇ ನಾಚಿಕೆ ತರಿಸಿತು. "ಆ ಸಾಹೇಬರ ಮುಂದೆ ನಾನು ಬಾಯಿ ಬಿಡಬೇಕಾಗಿತ್ತು. ಅವರು ಬೇರು ತೋರಿಸಿ ತಪ್ಪು ನಿಂದೇ ಅಂತ ನಿನ್ನನ್ನ ನಂಬಿಸಿಬಿಟ್ರು."

ತಂಗಿ ತಲೆಯೆತ್ತಿ ಅವನನ್ನು ನೋಡಿದಳು. ಹತ್ತೊಂಬತ್ತು ವರ್ಷದ ಹಿಂದೆ ಆ ಉದ್ದನೆಯ ಕೋಣೆಯಲ್ಲಿ ಕತ್ತು ತಿರುಗಿಸಿ ನೋಡಿದ್ದಳಲ್ಲ, ಅದೇ ನೋಟ.

"ಅವರು ಎಲ್ಲಿ ನಂಬಿಸಿದ್ರು ಅಣ್ಣ? ಅವರಿಗೆ ಗಿಡದ ಬಗ್ಗೆ ಏನು ಗೊತ್ತಿತ್ತು? ನಾನು ಮನಸ್ಸಲ್ಲೇ ಬೈದುಕೊಂಡು ನಿಂತಿದ್ದೆ. ಆಮೇಲೆ ನಿನ್ನನ್ನ ಕೇಳಿದ್ರು. ಬೀಜದಲ್ಲಿ ದೋಷ ಇದ್ದಿದ್ರೆ ನಮ್ಮಣ್ಣ ಹೇಳದೆ ಇರಲ್ಲ ಅಂತ ನಿನ್ನ ಮುಖ ನೋಡಿದೆ. ನೀನು ಎಲ್ಲಾ ಸರಿಯಾಗಿದೆ ಅಂದೆ. ತಪ್ಪು ನಂದೇ ಅಂತ ನಾನು ನಂಬಿದ್ದು ಆಗ."